ಬೆನ್ನು ನೆಲಕ್ಕೆ ತಾಗಿದ ಮೇಲೆ

ಗರಡಿಯಿಂದ ಬರುವ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಎಂಎಂಎ ಫೈಟರ್ ಆಗ್ಬೇಕು ಅಂದ್ರೆ ಏನ್ ಮಾಡ್ಬೇಕು?" ಎಂಎಂಎ ಅಂದರೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಕುಸ್ತಿ, ಪಂಚ್, ಕಿಕ್ ಎಲ್ಲ ಸೇರಿದ ಕಾಳಗ. ಈ ಹುಡುಗರಲ್ಲಿ ಹೆಚ್ಚಿನವರು ಖಬೀಬ್ ನುರ್ಮಗೊಮೆದೊವ್ ಅವರ ವಿಡಿಯೊ ನೋಡಿ ಆಸೆ ಹುಟ್ಟಿಸಿಕೊಂಡವರು. ರಷ್ಯಾದ ದಾಗೆಸ್ತಾನದಲ್ಲಿ ಕುಸ್ತಿ ಆಡಿ ಬೆಳೆದ ಖಬೀಬ್ 29 ಫೈಟ್ ಗೆದ್ದು, ಒಂದನ್ನೂ ಸೋಲದೆ 2020ರಲ್ಲಿ ನಿವೃತ್ತರಾದರು. ಕುಸ್ತಿ ಗೊತ್ತಿದ್ದರೆ ಸಾಕು, ಉಳಿದದ್ದು ತಾನಾಗೇ ಬರುತ್ತೆ ಅನ್ನೋದು ಹುಡುಗರ ಲೆಕ್ಕ.

ಕುಸ್ತಿ ದೊಡ್ಡ ಆಸ್ತಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಗರಡಿ ನಮ್ಮ ಮೈಗೆ ಕಲಿಸಿದ ಒಂದು ಪಾಠ ಕೇಜ್ (ಫೈಟ್ ನಡೆಯುವ ಜಾಲರಿ ಅಂಕಣ) ಒಳಗೆ ನಮ್ಮ ಮೇಲೇ ತಿರುಗುತ್ತದೆ. ನನ್ನ ಮೈಯಿಂದ ಅದನ್ನು ಬಿಡಿಸಲು ಹಿಡಿದ ಕಾಲ, ಪಂಚ್ ಮತ್ತು ಕಿಕ್ ಕಲಿಯಲು ಹಿಡಿದ ಕಾಲಕ್ಕಿಂತ ಜಾಸ್ತಿ.

ನಾನು ಮೈಸೂರಿನ ಹುಡುಗ. ಬೆಳಗಿನ ಜಾವ ಎದ್ದು ಗರಡಿಗೆ ಹೋಗಿ, ಹನುಮಂತನಿಗೆ ಕೈ ಮುಗಿದು, ಮಣ್ಣು ಅಗೆದು ಹದ ಮಾಡಿ, ಆಮೇಲೆ ದಂಡ, ಬಸ್ಕಿ. ಆ ಕೆಮ್ಮಣ್ಣಿಗೆ ಅರಿಶಿನ, ತುಪ್ಪ, ನಿಂಬೆರಸ ಎಲ್ಲ ಬೆರೆತಿರುತ್ತದೆ. ಬೆವರಿದ ಮೈಗೆ ಅದು ಮೆತ್ತಿಕೊಂಡಾಗ ಬರುವ ವಾಸನೆ ಇವತ್ತಿಗೂ ನನಗೆ ಇಷ್ಟ. ಆಡಿ ಎದ್ದ ಕೂಡಲೇ ಉಸ್ತಾದರು ಮುಖ ನೋಡುತ್ತಿರಲಿಲ್ಲ, ನಮ್ಮನ್ನು ತಿರುಗಿಸಿ ಬೆನ್ನು ನೋಡುತ್ತಿದ್ದರು. ಬೆನ್ನಿಗೆ ಮಣ್ಣು ಅಂಟಿದ್ದರೆ ಚಿತ್ ಆದ ಅಂತ ಅರ್ಥ. ನಾಡಕುಸ್ತಿಯಲ್ಲಿ ಅಲ್ಲಿಗೆ ಎಲ್ಲ ಮುಗಿಯಿತು. "ಬೀಳೋದಾದ್ರೆ ಹೊಟ್ಟೆ ಮೇಲೆ ಬೀಳು ಮಗಾ, ಬೆನ್ನು ಮಾತ್ರ ಕೊಡಬೇಡ" ಅನ್ನುತ್ತಿದ್ದರು. ವರ್ಷಗಟ್ಟಲೆ ಇದೇ ಮಾತು ಕೇಳಿದರೆ ಅದು ತಲೆಯಲ್ಲಿ ಉಳಿಯುವುದಿಲ್ಲ, ಮೈಗೆ ಇಳಿಯುತ್ತದೆ. ಯಾರಾದರೂ ಕೆಡವಿದರೆ ಯೋಚನೆ ಮಾಡುವ ಮೊದಲೇ ಮೈ ತಿರುಗಿ ಹೊಟ್ಟೆ ನೆಲಕ್ಕೆ ಹೋಗುತ್ತದೆ.

ದಸರಾ ಕುಸ್ತಿ ಆಡಿದ ಮೇಲೆ ಓದು, ಕೆಲಸ ಅಂತ ಬೆಂಗಳೂರಿಗೆ ಬಂದೆ. ಗೆಳೆಯನೊಬ್ಬ ಎಂಎಂಎ ಜಿಮ್‌ಗೆ ಕರೆದುಕೊಂಡು ಹೋದ. ಮಣ್ಣಿನ ಜಾಗದಲ್ಲಿ ರಬ್ಬರ್ ಮ್ಯಾಟ್, ಫಿನಾಯಿಲ್ ವಾಸನೆ, ಗೋಡೆಗೆ ಒರಗಿಸಿದ ಕಬ್ಬಿಣದ ಜಾಲರಿ. ಮಣಿಪುರದ ಒಬ್ಬ ಸಣ್ಣ ಹುಡುಗನ ಜೊತೆ ನನ್ನನ್ನು ಬಿಟ್ಟರು. ತೂಕದಲ್ಲಿ ನನಗಿಂತ ತುಂಬಾ ಕಡಿಮೆ. ಎರಡು ಕಾಲನ್ನೂ ಹಿಡಿದು ಎತ್ತಿ ಕೆಡವಿದೆ. ಅವನ ಬೆನ್ನು ಪೂರ್ತಿ ಮ್ಯಾಟ್ ಮೇಲಿತ್ತು. ಗರಡಿಯಲ್ಲಾಗಿದ್ದರೆ ನಾನು ಎದ್ದು ಉಸ್ತಾದರ ಕಾಲಿಗೆ ನಮಸ್ಕಾರ ಮಾಡುವ ಹೊತ್ತು ಅದು.

ಅವನು ಕೆಳಗಿನಿಂದಲೇ ನನ್ನ ಒಂದು ತೋಳು ಎಳೆದುಕೊಂಡ. ಒಂದು ಕಾಲು ನನ್ನ ಕತ್ತಿನ ಹಿಂದೆ ಬಂತು. ಇನ್ನೊಂದು ಕಾಲಿನ ಮಡಿಚಿಗೆ ಅದನ್ನು ಸಿಕ್ಕಿಸಿ ಬಿಗಿದ. ಕಿವಿಯಲ್ಲಿ ಗುಂಯ್ ಅನ್ನೋ ಸದ್ದು ಶುರುವಾಯಿತು. ಅದಕ್ಕೆ ಟ್ರಯಾಂಗಲ್ ಅನ್ನುತ್ತಾರೆ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿ ಹೋಗಿ, ಕೆಲವೇ ಸೆಕೆಂಡಿನಲ್ಲಿ ಕಣ್ಣು ಕತ್ತಲೆ ಬರುತ್ತದೆ. ಕೋಚ್ "ಟ್ಯಾಪ್, ಟ್ಯಾಪ್" ಅಂತ ಕೂಗಿ ಅವರೇ ಬಿಡಿಸಿದರು. ಕೈಯಿಂದ ತಟ್ಟಿ ಸೋಲೊಪ್ಪಿಕೊಳ್ಳಬಹುದು ಅನ್ನೋದೇ ನನಗೆ ಆಗ ಗೊತ್ತಿರಲಿಲ್ಲ.

ಮತ್ತೆ ಆಡಿದೆವು. ಈ ಸಲ ಅವನು ನನ್ನನ್ನು ಕೆಡವಿದ. ನನ್ನ ಮೈ ತನಗೆ ಗೊತ್ತಿದ್ದದ್ದನ್ನು ಮಾಡಿತು, ಹೊಟ್ಟೆ ಮೇಲೆ ತಿರುಗಿತು. ಅವನು ಬೆನ್ನೇರಿ ಕೂತು, ಹಿಂದಿನಿಂದ ಕತ್ತಿಗೆ ಕೈ ಹಾಕಿದ. ರಿಯರ್ ನೇಕೆಡ್ ಚೋಕ್. ನಮ್ಮ ಆಟದಲ್ಲಿ ಅತಿ ಹೆಚ್ಚು ಫೈಟ್ ಮುಗಿಸುವ ಹಿಡಿತಗಳಲ್ಲಿ ಅದೂ ಒಂದು. ಕುಸ್ತಿಯಲ್ಲಿ ನಮ್ಮನ್ನು ಉಳಿಸುವ ಭಂಗಿಯೇ ಎಂಎಂಎಯಲ್ಲಿ ಎದುರಾಳಿಗೆ ಬಾಗಿಲು ತೆರೆದುಕೊಡುತ್ತದೆ.

ಆ ಸಂಜೆ ಕೋಚ್ ಒಂದು ಹಳೇ ಫೈಟ್ ತೋರಿಸಿದರು. 1994ರ ಡಿಸೆಂಬರ್, ಅಮೆರಿಕದ ಟಲ್ಸಾ ನಗರ. ಯುಎಫ್‌ಸಿ ಅನ್ನೋ ಅಮೆರಿಕದ ಎಂಎಂಎ ಸಂಸ್ಥೆ ಶುರುವಾಗಿ ಆಗ ಒಂದು ವರ್ಷ ಕಳೆದಿತ್ತು ಅಷ್ಟೇ. ಒಂದು ಕಡೆ ಡ್ಯಾನ್ ಸೆವರ್ನ್, ನೂರು ಕೆಜಿ ಮೀರಿದ ಕುಸ್ತಿಪಟು. ಇನ್ನೊಂದು ಕಡೆ ಬ್ರೆಜಿಲ್‌ನ ರಾಯ್ಸ್ ಗ್ರೇಸಿ, ಸುಮಾರು 80 ಕೆಜಿ. ಸೆವರ್ನ್ ಅವನನ್ನು ಕೆಡವಿ 15 ನಿಮಿಷಕ್ಕೂ ಮೇಲೆ ಅವನ ಮೇಲೇ ಇದ್ದ. ನಮ್ಮ ಗರಡಿಯ ಯಾರೇ ನೋಡಿದರೂ ಗೆದ್ದವನು ಸೆವರ್ನ್ ಅನ್ನುತ್ತಿದ್ದರು. ಕೊನೆಗೆ ಕೆಳಗಿದ್ದ ಗ್ರೇಸಿಯೇ ಟ್ರಯಾಂಗಲ್ ಹಾಕಿ ಗೆದ್ದ. ನಮ್ಮವರದ್ದೇ ಉದಾಹರಣೆ ಬೇಕಾದರೆ ರಿತು ಫೋಗಟ್ ಇದ್ದಾರೆ. ಕುಸ್ತಿ ಬಿಟ್ಟು 2019ರಲ್ಲಿ ಏಷ್ಯಾದ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಶಿಪ್ ಸೇರಿದರು. 2021ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಅದರ ಗ್ರ್ಯಾಂಡ್ ಪ್ರಿ ಟೂರ್ನಿಯ ಫೈನಲ್ ತನಕ ಹೋದರು. ಅಲ್ಲಿ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್ ಎರಡನೇ ಸುತ್ತಿನಲ್ಲಿ ಆರ್ಮ್‌ಬಾರ್ (ಮೊಣಕೈ ಹಿಂದಕ್ಕೆ ಬಗ್ಗಿಸುವ ಹಿಡಿತ) ಹಾಕಿ ತೋಳು ಬಿಗಿದರು. ರಿತು ಅವರ ಕುಸ್ತಿಯಲ್ಲಿ ಏನೂ ಕೊರತೆ ಇರಲಿಲ್ಲ. ಕೆಡವಿದ ಮೇಲೂ ಕೆಳಗಿರುವವರ ಕೈಕಾಲು ಎಷ್ಟು ಅಪಾಯ ಅನ್ನೋದಕ್ಕೆ ಆ ಫೈಟ್ ನೋಡಬೇಕು.

ಅಲ್ಲಿಂದ ನನ್ನ ಕಲಿಕೆ ಮಲಗಿಕೊಂಡೇ ನಡೆಯಿತು. ದಿನಾ ಬೆನ್ನ ಮೇಲೆ ಮಲಗಿಸಿ, ಮೇಲೊಬ್ಬ ದಪ್ಪನೆಯವನನ್ನು ಕೂರಿಸಿ, "ತಿರುಗಬೇಡ, ಹಾಗೇ ಇರು" ಅನ್ನುತ್ತಿದ್ದರು. ಸೊಂಟ ಪಕ್ಕಕ್ಕೆ ಜರುಗಿಸಬೇಕು. ಮಂಡಿಯನ್ನು ಅವನ ಹೊಟ್ಟೆಗೂ ನನ್ನ ಹೊಟ್ಟೆಗೂ ನಡುವೆ ತೂರಿಸಬೇಕು. ಒಂದು ತೋಳನ್ನು ಅವನ ಕಂಕುಳಡಿ ಹಾಕಬೇಕು. ಜಾಲರಿ ಸಿಕ್ಕರೆ ಬೆನ್ನು ಅದಕ್ಕೆ ಒರಗಿಸಿ, ಸೊಂಟ ಮೇಲಕ್ಕೆ ತಂದು, ಕಾಲು ಊರಿ ಏಳಬೇಕು. ಜಾಲರಿಯನ್ನು ಬೆರಳಲ್ಲಿ ಹಿಡಿಯುವ ಹಾಗಿಲ್ಲ, ಅದು ಫೌಲ್. ಇಷ್ಟು ಕೆಲಸ ಮಾಡುವಾಗ ಮೇಲಿನಿಂದ ಹೊಡೆತ ಬೀಳುತ್ತಲೇ ಇರುತ್ತದೆ. ಜಿಮ್‌ನಲ್ಲಿ ಮೆತ್ತಗೆ ಹೊಡೆಯುತ್ತಾರೆ. ಆದರೂ ನನಗೆ ಮೊದಮೊದಲು ಹೊಡೆತಕ್ಕಿಂತ ಹೆಚ್ಚು ಹಿಂಸೆ ಆಗಿದ್ದು ಬೆನ್ನಿಗೆ ತಾಗುವ ಆ ಮ್ಯಾಟ್. ಹೊಟ್ಟೆಯೊಳಗೆ ಏನೋ ಸೋತ ಹಾಗೆ ಅನ್ನಿಸುತ್ತಿತ್ತು. ಗರಡಿಯವರಿಗೆ ಇದು ಹೇಳದೇ ಅರ್ಥ ಆಗುತ್ತದೆ.

ಟ್ಯಾಪ್ ಮಾಡುವುದನ್ನೂ ಕಲಿಯಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಜಿಮ್‌ನಲ್ಲಿ ಬೇಗ ತಟ್ಟಿ. ಮೊಣಕೈ ಕಿತ್ತುಹೋದರೆ ಆರು ತಿಂಗಳು ಮನೆಯಲ್ಲಿರಬೇಕು. ಮಂಡಿಯ ಹಿಡಿತಗಳಲ್ಲಂತೂ ನೋವು ಗೊತ್ತಾಗುವ ಮೊದಲೇ ಲಿಗಮೆಂಟ್ ಹೋಗಿರುತ್ತದೆ. ಪೌರುಷ ತೋರಿಸುವ ಜಾಗ ಅದಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಬರೀ ಫೈಟ್ ಮಾಡಿ ಬದುಕುವವರು ಬಹಳ ಕಡಿಮೆ. ಬೆಳಗ್ಗೆ ಐಟಿ ಕಂಪನಿಯವರಿಗೆ ಪರ್ಸನಲ್ ಟ್ರೇನಿಂಗ್, ಸಂಜೆ ಮಕ್ಕಳ ಬ್ಯಾಚ್, ಮಧ್ಯದಲ್ಲಿ ನಮ್ಮ ಪ್ರಾಕ್ಟೀಸ್. ನನ್ನ ಮೊದಲ ಪ್ರೊ ಫೈಟ್‌ಗೆ ಬಂದ ಹಣ ಆ ಫೈಟ್‌ಗೆ ತಯಾರಾಗಲು ತಿಂದ ಮೊಟ್ಟೆ, ಕೋಳಿ, ಫಿಸಿಯೊ ಖರ್ಚಿಗೂ ಸಾಲಲಿಲ್ಲ. ಸಾಮಾನ್ಯವಾಗಿ ಕಾಂಟ್ರಾಕ್ಟ್‌ನಲ್ಲಿ ಎರಡು ಭಾಗ ಇರುತ್ತದೆ. ಆಡಿದ್ದಕ್ಕೆ ಇಷ್ಟು, ಗೆದ್ದರೆ ಇನ್ನಷ್ಟು. ಸೋತವನಿಗೆ ಅರ್ಧ ಕೂಲಿ ಅಂತಲೇ ತಿಳಿಯಿರಿ. ಒಂದು ಕಡೆ ನನ್ನ ಹಣ ತಿಂಗಳುಗಟ್ಟಲೆ ಬರಲಿಲ್ಲ. ಆಮೇಲಿಂದ ಯಾವ ಕಾಂಟ್ರಾಕ್ಟ್ ಬಂದರೂ ವಕೀಲರಿಗೆ ತೋರಿಸದೆ ಸಹಿ ಹಾಕುವುದಿಲ್ಲ.

ಫೈಟ್ ಸಿಗುವುದೂ ಸುಲಭವಲ್ಲ. ದಸರಾಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುತ್ತಾರಲ್ವಾ, ಹಿರಿಯ ಪೈಲ್ವಾನರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ, ಅನುಭವ ಕೇಳಿ, ಸಾಟಿ ಅನ್ನಿಸಿದರೆ ಮಾತ್ರ ಕಟ್ಟುತ್ತಾರೆ. ಇಲ್ಲಿ ಆ ಕೆಲಸ ಮಾಡುವವರು ಮ್ಯಾಚ್‌ಮೇಕರ್. ಅವರು ವಾಟ್ಸಾಪ್‌ನಲ್ಲಿ ಎದುರಾಳಿಯ ಹೆಸರು, ತೂಕ, ತಾರೀಖು ಕಳಿಸುತ್ತಾರೆ. ಅವನ ರೆಕಾರ್ಡ್ ಟ್ಯಾಪಾಲಜಿ, ಶೆರ್‌ಡಾಗ್ ಥರದ ಸೈಟುಗಳಲ್ಲಿ ಹುಡುಕಬೇಕು. ಅಮೆಚೂರ್‌ನಲ್ಲಿ (ಪ್ರೊ ಆಗುವ ಮುಂಚಿನ ಹಂತದಲ್ಲಿ) ಎಷ್ಟು ಆಡಿದ್ದಾನೆ ಅನ್ನೋದು ಎಷ್ಟೋ ಸಲ ಅಲ್ಲಿ ಇರುವುದೇ ಇಲ್ಲ. ನಾನು ಮೊದಲು ಒಪ್ಪಿಕೊಂಡ ಪ್ರೊ ಫೈಟ್ ಕೊನೇ ವಾರದಲ್ಲಿ ರದ್ದಾಯಿತು, ಎದುರಾಳಿಯ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಇಳಿಸಬೇಕಾದ ತೂಕದಲ್ಲಿ ಅರ್ಧದಷ್ಟನ್ನು ನಾನು ಆಗಲೇ ಇಳಿಸಿಯಾಗಿತ್ತು.

ಈ ತೂಕದ ಬಗ್ಗೆ ವಿವರವಾಗಿ ಹೇಳಲೇಬೇಕು. ಟಿವಿಯಲ್ಲಿ ಕಾಣುವುದು ಫೈಟ್. ನಮ್ಮ ಪ್ರಾಣ ಹಿಂಡುವುದು ಅದರ ಹಿಂದಿನ ವಾರ. ನಾನು ಆಡುವುದು ಬ್ಯಾಂಟಮ್‌ವೆಯ್ಟ್, ಅಂದರೆ 61.2 ಕೆಜಿ. ಅದರ ಕೆಳಗಿನದು ಫ್ಲೈವೆಯ್ಟ್, 56.7. ಮೇಲಿನದು ಫೆದರ್‌ವೆಯ್ಟ್, 65.8. ಮಾಮೂಲಿ ದಿನಗಳಲ್ಲಿ ನನ್ನ ತೂಕ 69ರ ಆಸುಪಾಸು. ಎದುರಾಳಿಯೂ ಮೇಲಿನಿಂದಲೇ ಇಳಿದು ಬರುವುದರಿಂದ ನಾನೊಬ್ಬ ಇಳಿಸದೆ ಇರಲಾಗುವುದಿಲ್ಲ. ಈ ಪದ್ಧತಿ ನನಗೆ ಇಷ್ಟವಿಲ್ಲ. ಆದರೂ ಮಾಡುತ್ತೇನೆ.

ಮೊದಲ ಕೆಲವು ಕೆಜಿ ಊಟದಲ್ಲೇ ಹೋಗುತ್ತದೆ. ಮುದ್ದೆ, ಅನ್ನ, ಚಪಾತಿ ಬಂದ್. ಉಪ್ಪು ಬಂದ್. ಫೈಟ್ ವಾರ ಶುರುವಾದಾಗ ದಿನಕ್ಕೆ ಏಳೆಂಟು ಲೀಟರ್ ನೀರು ಕುಡಿಯಬೇಕು. ಮೈ ಅಷ್ಟೇ ನೀರನ್ನು ಹೊರಗೆ ಹಾಕುವ ಅಭ್ಯಾಸಕ್ಕೆ ಬೀಳುತ್ತದೆ. ಆಮೇಲೆ ನೀರನ್ನು ಇಳಿಸುತ್ತಾ ಬಂದು ಕೊನೆಯ ದಿನ ಹೆಚ್ಚುಕಡಿಮೆ ನಿಲ್ಲಿಸುತ್ತೇವೆ. ಕುಡಿಯುವುದು ನಿಂತರೂ ಮೈ ಮಾತ್ರ ಹೊರಗೆ ಹಾಕುತ್ತಲೇ ಇರುತ್ತದೆ.

ಕೊನೆಯ ರಾತ್ರಿ ಹೋಟೆಲ್ ರೂಮಿನ ಬಾತ್‌ಟಬ್‌ಗೆ ತಡೆಯುವಷ್ಟು ಬಿಸಿನೀರು ಬಿಟ್ಟು, ಎಪ್ಸಮ್ ಉಪ್ಪು ಸುರಿದು, ಗಲ್ಲದ ತನಕ ಮುಳುಗಿ ಕೂರಬೇಕು. ಹತ್ತು ನಿಮಿಷ ಆದ ಮೇಲೆ ಎದ್ದು, ಟವೆಲ್ ಸುತ್ತಿ, ಮೇಲೆ ಎರಡು ಕಂಬಳಿ ಹೊದಿಸಿ ಮಲಗಿಸುತ್ತಾರೆ. ಗೆಳೆಯ ಪಕ್ಕದಲ್ಲಿ ಕೂತು ಹಳೇ ಎಟಿಎಂ ಕಾರ್ಡಿನಿಂದ ಕೈ, ಕಾಲು, ಎದೆಯ ಬೆವರನ್ನು ಕೆರೆದು ಕೆರೆದು ತೆಗೆಯುತ್ತಾನೆ. ಬೆವರು ಮೈ ಮೇಲೇ ನಿಂತರೆ ಹೊಸ ಬೆವರು ಬರುವುದು ನಿಧಾನವಾಗುತ್ತದೆ. ತೂಕ ನೋಡು, ಮತ್ತೆ ಟಬ್‌ಗೆ ಇಳಿ. ಒಂದು ಹಂತದಲ್ಲಿ ಬೆವರು ನಿಂತೇ ಹೋಗುತ್ತದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಬೆರಳಿನಿಂದ ಬಿಡಿಸಬೇಕು. ಆ ಹೊತ್ತಿನಲ್ಲಿ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಅದಕ್ಕೇ ಒಬ್ಬರಾದರೂ ಜೊತೆಯಲ್ಲಿ ಇರಲೇಬೇಕು, ಬಾತ್‌ರೂಮಿನ ಚಿಲಕ ಹಾಕಲೇಬಾರದು. ಒಬ್ಬನೇ ಕೂತು ತೂಕ ಇಳಿಸುವ ಹುಡುಗರನ್ನು ಕಂಡರೆ ನನಗೆ ನಿಜವಾಗಿಯೂ ಭಯ ಆಗುತ್ತದೆ. 2015ರ ಡಿಸೆಂಬರ್‌ನಲ್ಲಿ ಚೀನಾದ ಯಾಂಗ್ ಜಿಯಾನ್ ಬಿಂಗ್ ಮನಿಲಾದಲ್ಲಿ ಫೈಟ್‌ಗೆ ತೂಕ ಇಳಿಸುವಾಗಲೇ ಕುಸಿದು ತೀರಿಕೊಂಡರು. ವಯಸ್ಸು 21. ಅದಾದ ಮೇಲೆ ಒನ್ ಚಾಂಪಿಯನ್‌ಶಿಪ್ ನೀರು ಬಿಟ್ಟು ತೂಕ ಇಳಿಸುವುದನ್ನು ನಿಷೇಧಿಸಿ, ಫೈಟರ್‌ಗಳ ಮೂತ್ರ ಪರೀಕ್ಷೆ ಶುರು ಮಾಡಿತು. ಬೇರೆಯವರೂ ಇದನ್ನು ಮಾಡಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ.

100 ಗ್ರಾಂ ಅಂದರೇನು ಅಂತ 2024ರ ಆಗಸ್ಟ್‌ನಲ್ಲಿ ಇಡೀ ದೇಶಕ್ಕೆ ಗೊತ್ತಾಯಿತು. ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್ ದಿನ ಬೆಳಗ್ಗೆ ಅಷ್ಟು ಜಾಸ್ತಿ ಇದ್ದರು ಅಂತ ಪದಕವೇ ಹೋಯಿತು. ಒಲಿಂಪಿಕ್ ಕುಸ್ತಿಯಲ್ಲಿ ಎರಡೂ ದಿನ ಬೆಳಗ್ಗೆ ತೂಗುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಫೈಟ್‌ನ ಹಿಂದಿನ ದಿನ ಒಂದೇ ಸಲ. ಟೈಟಲ್ ಫೈಟ್ ಅಲ್ಲದಿದ್ದರೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ರಿಯಾಯಿತಿಯೂ ಇರುತ್ತದೆ. ಮೀರಿದರೆ ಸಂಭಾವನೆಯ ಒಂದು ಪಾಲು ಎದುರಾಳಿಗೆ ಹೋಗುತ್ತದೆ.

ತೂಕ ಸರಿ ಬಂದ ಕೂಡಲೇ ಓಆರ್‌ಎಸ್. ಗಟಗಟ ಕುಡಿದರೆ ವಾಂತಿ ಆಗುತ್ತದೆ, ಗುಟುಕು ಗುಟುಕಾಗಿ ಕುಡಿಯಬೇಕು. ಒಂದು ಗಂಟೆ ಬಿಟ್ಟು ಗಂಜಿ, ಬಾಳೆಹಣ್ಣು, ಸಂಜೆಗೆ ಮೊಸರನ್ನ. ಅಮ್ಮ ಫೋನ್ ಮಾಡಿ ಮೊದಲು ಕೇಳಿದ್ದು "ಅನ್ನ ತಿಂದ್ಯೇನಪ್ಪಾ?" ಅಂತ. ಎದುರಾಳಿ ಯಾರು, ಎಂಥವನು ಅಂತ ಅವರು ಇವತ್ತಿನವರೆಗೂ ಕೇಳಿಲ್ಲ.

ಫೈಟ್ ದಿನ ಕಾಯುವುದೇ ಜಾಸ್ತಿ. ಕೈಗೆ ಗಾಜ್ ಮತ್ತು ಟೇಪ್ ಸುತ್ತುತ್ತಾರೆ, ಅಧಿಕಾರಿಯೊಬ್ಬರು ನೋಡಿ ಅದರ ಮೇಲೆ ಸಹಿ ಹಾಕುತ್ತಾರೆ. ಗ್ಲೌಸ್ ನಾಲ್ಕು ಔನ್ಸ್, ಬೆರಳು ಹೊರಗೆ. ಬಾಕ್ಸಿಂಗ್ ಗ್ಲೌಸ್ ಹಾಕಿ ಅಭ್ಯಾಸ ಇದ್ದವರಿಗೆ ಬರಿಗೈ ಅನ್ನಿಸುತ್ತದೆ. ಹುಬ್ಬು, ಕೆನ್ನೆಗೆ ವ್ಯಾಸಲೀನ್ ಹಚ್ಚುತ್ತಾರೆ. ಐದು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ.

ಕೊನೆಗೂ ನಡೆದ ಆ ಮೊದಲ ಪ್ರೊ ಫೈಟ್‌ನಲ್ಲಿ ಮೊದಲ ಸುತ್ತು ನನ್ನದು. ಕಾಲು ಹಿಡಿದು ಕೆಡವಿದೆ, ಮೇಲಿದ್ದೆ, ತಲೆ ಅವನ ಎದೆಗೆ ಒತ್ತಿ ತೋಳು ಸಿಗದ ಹಾಗೆ ನೋಡಿಕೊಂಡೆ. ಎರಡನೇ ಸುತ್ತಿನಲ್ಲಿ ಅವನ ಮೊಣಕೈ ನನ್ನ ಹುಬ್ಬಿಗೆ ತಾಗಿತು. ಕಣ್ಣೊಳಗೆ ರಕ್ತ ಇಳಿಯಿತು. ಮೈಸೂರು ಅರಮನೆಯಲ್ಲಿ ವಿಜಯದಶಮಿ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಅಲ್ಲಿ ತಲೆಯಿಂದ ರಕ್ತ ಕಂಡ ಕೂಡಲೇ ಕಾಳಗ ನಿಲ್ಲಿಸುತ್ತಾರೆ. ಇಲ್ಲಿ ಡಾಕ್ಟರ್ ಬೇಡ ಅನ್ನುವ ತನಕ ನಡೆಯುತ್ತದೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅವನು ನನ್ನ ಸೊಂಟ ಹಿಡಿದು ಎತ್ತಿ ಹಾಕಿದ.

ಬೆನ್ನು ಪೂರ್ತಿ ನೆಲಕ್ಕೆ ತಾಗಿತು. ಮೈ ತಿರುಗಲಿಲ್ಲ. ಅದು ತಾನಾಗೇ ಸೊಂಟ ಜರುಗಿಸಿ, ಮಂಡಿ ಒಳಗೆ ತಂದು, ತೋಳನ್ನು ಅವನ ಕಂಕುಳಡಿ ತೂರಿಸಿತು. ಅವನು ಮೇಲಿನಿಂದ ಹೊಡೆಯುತ್ತಿದ್ದ. ಕೆಲವು ಗ್ಲೌಸ್‌ಗೆ, ಕೆಲವು ಕೆನ್ನೆಗೆ. ಕೋಚ್ ಧ್ವನಿ ಮಾತ್ರ ಕೇಳುತ್ತಿತ್ತು: "ಜಾಲರಿ ನಿನ್ನ ಎಡಕ್ಕೆ." ಎಡಕ್ಕೆ ಜರುಗುತ್ತಾ ಹೋಗಿ ಜಾಲರಿಗೆ ಬೆನ್ನು ಒರಗಿಸಿ ಕೂತೆ, ಕಾಲು ಊರಿ ಎದ್ದೆ. ಎದ್ದ ಕ್ಷಣದಲ್ಲಿ ಅವನ ಉಸಿರು ಕೇಳಿಸಿತು, ತುಂಬಾ ದಣಿದಿದ್ದ. ನನ್ನನ್ನು ಕೆಳಗೆ ಇಟ್ಟುಕೊಳ್ಳಲು ಅವನ ಶಕ್ತಿಯೆಲ್ಲ ಖರ್ಚಾಗಿತ್ತು. ಮೂರನೇ ಸುತ್ತಿನಲ್ಲಿ ಅವನನ್ನು ಎರಡು ಸಲ ಕೆಡವಿದೆ. ಮೂವರು ಜಡ್ಜ್‌ಗಳೂ 29-28 ಅಂತ ನನಗೆ ಕೊಟ್ಟರು. ಎರಡನೇ ಸುತ್ತು ಅವನದ್ದೇ, ಅದರಲ್ಲಿ ತಕರಾರಿಲ್ಲ.

ಊರಿನಲ್ಲಿ ಉಸ್ತಾದರು ಯಾರದ್ದೋ ಮೊಬೈಲ್‌ನಲ್ಲಿ ಫೈಟ್ ನೋಡಿದ್ದರು. ರಾತ್ರಿಯೇ ಫೋನ್ ಮಾಡಿದರು.

"ಮಗಾ, ಎರಡನೇದರಲ್ಲಿ ನಿನ್ನ ಬೆನ್ನು ನೆಲಕ್ಕೆ ತಾಗ್ತು."

"ಹೌದು ಉಸ್ತಾದ್."

"ಆದ್ರೂ ನಿಲ್ಲಿಸ್ಲಿಲ್ಲ."

"ಇಲ್ಲಿ ನಿಲ್ಲಿಸಲ್ಲ ಉಸ್ತಾದ್. ಅಲ್ಲಿಂದ ಏಳಬಹುದು."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎದ್ದಿದ್ದು ಚೆನ್ನಾಗಿತ್ತು. ಆ ಎದ್ದಿದ್ದನ್ನ ನಮ್ಮ ಹುಡುಗರಿಗೆ ಬಂದು ತೋರಿಸು" ಅಂದರು. ಕುಸ್ತಿಯಲ್ಲಿ ಕೂದಲು ನೆರೆತವರು ತಮ್ಮ ಪದ್ಧತಿಯ ಹೊರಗಿನದ್ದನ್ನು ಇಷ್ಟು ಸಲೀಸಾಗಿ ಒಪ್ಪುವುದು ಅಪರೂಪ. ಚಾಂಪಿಯನ್ ಬೆಲ್ಟ್ ಗೆದ್ದಿದ್ದರೂ ನನಗೆ ಇಷ್ಟು ಸಂತೋಷ ಆಗುತ್ತಿರಲಿಲ್ಲ.

ಆಮೇಲೆ ಸೋತೂ ಇದ್ದೇನೆ. ಒಂದರಲ್ಲಿ ಕಾಲಿಗೆ ನುಗ್ಗುವಾಗ ಕತ್ತು ಸಿಕ್ಕಿ ಗಿಲೊಟಿನ್ (ಮುಂದಿನಿಂದ ಕತ್ತು ಬಿಗಿಯುವ ಹಿಡಿತ) ಆಯಿತು, ತಟ್ಟಿದೆ. ಇನ್ನೊಂದರಲ್ಲಿ ತಲೆಗೆ ಕಿಕ್ ಬಿದ್ದು ರೆಫರಿ ನಿಲ್ಲಿಸಿದರು. ಎಚ್ಚರ ಬಂದಾಗ ಡಾಕ್ಟರ್ ಟಾರ್ಚ್ ಬಿಟ್ಟು ಕಣ್ಣು ನೋಡುತ್ತಿದ್ದರು. ನೆವಾಡಾದಂಥ ಅಮೆರಿಕದ ರಾಜ್ಯಗಳಲ್ಲಿ ಸರ್ಕಾರದ ಅಥ್ಲೆಟಿಕ್ ಕಮಿಷನ್ ಇದೆ. ನಾಕೌಟ್ ಆದವನು ಇಷ್ಟು ದಿನ ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಕೂಡ ಮಾಡಬಾರದು ಅಂತ ಅವರು ಬರೆದು ಕೊಡುತ್ತಾರೆ, ಮೀರಿದರೆ ಲೈಸೆನ್ಸ್ ಸಿಗುವುದಿಲ್ಲ. ನಮ್ಮಲ್ಲಿ ಅಂಥ ಕಮಿಷನ್ ಇಲ್ಲ. ನಮ್ಮ ಕೋಚ್ ಅವರೇ ನನ್ನನ್ನು ಮ್ಯಾಟ್‌ನಿಂದ ಹೊರಗಿಟ್ಟರು. 2022ರ ಜುಲೈನಲ್ಲಿ ಬೆಂಗಳೂರಿನಲ್ಲೇ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ಬಿದ್ದ ಮೈಸೂರಿನ 23 ವರ್ಷದ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಸುದ್ದಿ ಕೇಳಿದ ದಿನ ನಮ್ಮ ಜಿಮ್‌ನಲ್ಲಿ ಯಾರೂ ಗ್ಲೌಸ್ ಹಾಕಲಿಲ್ಲ. ಈಗ ಯಾರೇ ಫೈಟ್‌ಗೆ ಕರೆದರೂ ನಾನು ಮೊದಲು ಕೇಳುವುದು ಸಂಭಾವನೆ ಅಲ್ಲ. ರಿಂಗ್ ಪಕ್ಕ ಡಾಕ್ಟರ್ ಇರುತ್ತಾರಾ, ಆಂಬುಲೆನ್ಸ್ ಇರುತ್ತಾ, ಹತ್ತಿರದ ಆಸ್ಪತ್ರೆ ಯಾವುದು? ಉತ್ತರ ತಡವರಿಸಿದರೆ ಆಡುವುದಿಲ್ಲ. ರಕ್ತ ಪರೀಕ್ಷೆ, ಕಣ್ಣು ಮತ್ತು ತಲೆಯ ಸ್ಕ್ಯಾನ್ ಕೇಳದೆ ಆಡಿಸುವವರ ಹತ್ತಿರವೂ ಹೋಗಬೇಡಿ.

ದಾರಿ ಇಲ್ಲ ಅಂತಲ್ಲ. ನಮ್ಮ ದೇಶದಲ್ಲೇ 2012ರಲ್ಲಿ ಸೂಪರ್ ಫೈಟ್ ಲೀಗ್ ಬಂತು, 2019ರಲ್ಲಿ ಮ್ಯಾಟ್ರಿಕ್ಸ್ ಫೈಟ್ ನೈಟ್ ಬಂತು. 2017ರಲ್ಲಿ ಭರತ್ ಕಂಡಾರೆ ಶಾಂಘೈನಲ್ಲಿ ಯುಎಫ್‌ಸಿ ಆಡಿದರು. ಅನ್ಶುಲ್ ಜುಬ್ಲಿ 2023ರಲ್ಲಿ, ಗೆದ್ದವರನ್ನು ಆ ಸಂಸ್ಥೆಗೆ ಸೇರಿಸುವ ಟೂರ್ನಿಯಾದ ರೋಡ್ ಟು ಯುಎಫ್‌ಸಿ ಗೆದ್ದು ಒಳಗೆ ಹೋದರು. 2024ರ ಜೂನ್‌ನಲ್ಲಿ ಪೂಜಾ ತೋಮರ್ ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದು, ಯುಎಫ್‌ಸಿಯಲ್ಲಿ ಫೈಟ್ ಗೆದ್ದ ಮೊದಲ ಭಾರತೀಯರಾದರು. ಆ ರಾತ್ರಿ ನಾವೆಲ್ಲ ಜಿಮ್‌ನಲ್ಲೇ ಮಲಗಿ, ಬೆಳಗಿನ ಜಾವ ಎದ್ದು ನೋಡಿ, ಕುಣಿದೆವು. ಕರ್ನಾಟಕದ ಗರಡಿಯಿಂದ ಒಬ್ಬರು ಅಲ್ಲಿಗೆ ಹೋಗುವುದನ್ನು ನಾನು ಕಣ್ಣಾರೆ ನೋಡಬೇಕು. ಅದು ನಾನೇ ಆಗಬೇಕು ಅನ್ನೋ ಹಟ ಈಗ ಇಲ್ಲ.

ದಾವಣಗೆರೆ, ಮೈಸೂರು, ಬೆಳಗಾವಿ ಕಡೆಯಿಂದ ಬರುವ ಹುಡುಗರನ್ನು ಮೊದಲ ದಿನವೇ ಬೆನ್ನ ಮೇಲೆ ಮಲಗಿಸುತ್ತೇನೆ. ಕೆಡವುವುದನ್ನು ತೋರಿಸುತ್ತೀನಿ ಅಂತ ಬಂದವರಿಗೆ ಸಿಟ್ಟು ಬರುತ್ತದೆ, ಒಬ್ಬಿಬ್ಬರು ಮರುದಿನ ಬರುವುದೇ ಇಲ್ಲ. ಉಳಿದವರಿಗೆ ಹೇಳುವುದು ಇಷ್ಟೇ. ಗರಡಿ ಬಿಡಬೇಡಿ, ವಾರಕ್ಕೆ ಎರಡು ದಿನವಾದರೂ ಮಣ್ಣಿಗೆ ಇಳಿಯಿರಿ. ಕೆಲಸವನ್ನೂ ಬಿಡಬೇಡಿ. ಅಮೆಚೂರ್‌ನಲ್ಲಿ ಸಾಕಷ್ಟು ಆಡಿ, ಅಲ್ಲಿ ಮೊಣಕೈ ಇರುವುದಿಲ್ಲ, ಗ್ಲೌಸ್ ದಪ್ಪ, ಕಾಲಿಗೆ ಗಾರ್ಡ್ ಇರುತ್ತದೆ. ಮೊದಲ ಪ್ರೊ ಫೈಟ್ ಒಪ್ಪಿಕೊಳ್ಳುವ ಮುಂಚೆ, ನಿಮಗಿಂತ ಹತ್ತು ಕೆಜಿ ಜಾಸ್ತಿ ಇರುವವನನ್ನು ಮೇಲೆ ಕೂರಿಸಿಕೊಂಡು ಐದು ನಿಮಿಷ ಕೆಳಗಿರಿ. ಹೊಟ್ಟೆ ಮೇಲೆ ತಿರುಗದೆ ಅಲ್ಲಿಂದ ಎದ್ದು ಬರಲು ಆದರೆ ಮ್ಯಾಚ್‌ಮೇಕರ್ ನಂಬರ್ ನಾನೇ ಕೊಡುತ್ತೇನೆ.